ನಮ್ಮ ಬೇಲಿಯ ಕಾಡುಪಾಪ



ವಿಚಿತ್ರ ಪ್ರಾಣಿಗಳು ಎಂದೊಡನೆಯೇ ನಮ್ಮ ಮನಸ್ಸು ಸಮುದ್ರವನ್ನು ದಾಟಿ ಹೋಗುವುದು ವಾಡಿಕೆ. ಆಸ್ಟ್ರೇಲಿಯಾದ ಪ್ಲಾಟಿಪಸ್ಸು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬಾತಿನ ಕೊಕ್ಕು, ನೀರುನಾಯಿಯಂತಹ ಮೈ, ಹಕ್ಕಿಯಂತೆ ಮೊಟ್ಟೆಯಿಡುವುದು, ಹಸುವಿನಂತೆ ಮರಿಗೆ ಹಾಲುಣಿಸುವುದು! ಅದರ ಒಣಗಿದ ಚರ್ಮವು ಇಂಗ್ಲೆಂಡನ್ನು ತಲುಪಿದಾಗ, 1799ರಲ್ಲಿ ಅದನ್ನು ವರ್ಣಿಸಿದ ಜಾರ್ಜ್ ಷಾ ಎಂಬ ವಿದ್ವಾಂಸನು, ಯಾರೋ ಕುಶಲಿಗಳು ಬಾತಿನ ಕೊಕ್ಕನ್ನು ಬೇರೊಂದು ಮೃಗದ ತಲೆಗೆ ಹೊಲಿದು ತನ್ನನ್ನು ವಂಚಿಸುತ್ತಿರುವರೋ ಎಂದು ಶಂಕಿಸಿದನು. ಅದು ಮೊಟ್ಟೆಯಿಡುವುದು ನಿಜವೆಂದು ವಿದ್ವತ್ಪ್ರಪಂಚವು ಒಪ್ಪುವುದಕ್ಕೆ 1884ರವರೆಗೆ ಕಾಯಬೇಕಾಯಿತು.

ಇಂತಹ ಕಥೆಗಳನ್ನು ತರಗತಿಯಲ್ಲಿ ಹೇಳಿ ನಾವೂ ಹಲವು ಬಾರಿ ಹುಡುಗರ ಮೆಚ್ಚುಗೆಯನ್ನು ಗಳಿಸಿದ್ದುಂಟು. ಒಂದು ದಿನ ಮಾತ್ರ ದೊಡ್ಡಬಳ್ಳಾಪುರದ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ನಮ್ಮ ಹೊಲದ ಬೇಲಿಯಲ್ಲಿ ಕಾಡುಪಾಪ ಇದೆ. ಅದರ ವಿಷಯ ಹೇಳಿ" ಎಂದನು. ನಮಗೆ ಉತ್ತರ ತೋಚಲಿಲ್ಲ. ಪ್ಲಾಟಿಪಸ್ಸಿನ ವಂಶವೃತ್ತಾಂತವನ್ನು ಇಂಗ್ಲಿಷ್ ಗ್ರಂಥಗಳಲ್ಲಿ ಓದಿ ಬಲ್ಲ ನಾವು, ಬೆಂಗಳೂರಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಪ್ರಾಣಿಯನ್ನು ಕಣ್ಣಿನಿಂದ ಕಂಡವರಲ್ಲ. ಆ ಹುಡುಗನೇ ನಮ್ಮನ್ನು ತನ್ನ ಊರಿಗೆ ಕರೆದೊಯ್ದನು.

ರಾತ್ರಿ ಒಂಬತ್ತು ಗಂಟೆಯ ಸಮಯ. ಹುಡುಗನ ತಂದೆ ಮುಂದೆ, ನಾವು ಹಿಂದೆ. ಟಾರ್ಚಿನ ಮುಖಕ್ಕೆ ಕೆಂಪು ಕಾಗದವನ್ನು ಕಟ್ಟಿದ್ದಾಯಿತು. "ದೀಪ ನೇರವಾಗಿ ಹಿಡೀಬೇಡಿ ಮೇಷ್ಟ್ರೇ, ಅದಕ್ಕೆ ಕಣ್ಣು ಕುಕ್ಕುತ್ತೆ" ಎಂದು ಯಜಮಾನರು ಎರಡು ಸಲ ಎಚ್ಚರಿಸಿದರು. ಹೊಂಗೆ, ಜಾಲಿ, ಲಂಟಾನಗಳು ಒಂದರೊಳಗೊಂದು ಹೆಣೆದುಕೊಂಡಿದ್ದ ಹಳೆಯ ಬೇಲಿ. ಅದರ ನಡುವೆ ಎರಡು ಕೆಂಡಗಳು ಹೊಳೆದುವು, ಆರಿದುವು, ಮತ್ತೆ ಸ್ವಲ್ಪ ಮೇಲೆ ಹೊಳೆದುವು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಆ ಕೆಂಡಗಳ ಹಿಂದೆ ಒಂದು ಮುಖವೂ, ಮುಖದ ಹಿಂದೆ ಬೂದು ಬಣ್ಣದ ಮೈಯೂ, ಕಡ್ಡಿಯಂತಹ ನಾಲ್ಕು ಕೈಕಾಲುಗಳೂ ಕ್ರಮಕ್ರಮವಾಗಿ ಗೋಚರವಾದುವು.

ಕಾಡುಪಾಪವು ಕೋತಿಗಳಿಗೆ ದಾಯಾದಿ. ಎಂದರೆ ನಮಗೂ ದಾಯಾದಿಯೇ. ಬಹು ಪುರಾತನ ಕಾಲದಲ್ಲಿ ಕವಲೊಡೆದ ಶಾಖೆ ಅದರದು. ಮೈಯುದ್ದ ಒಂದು ಗೇಣು, ತೂಕ ಕಾಲು ಕಿಲೋಗ್ರಾಮಿನ ಆಸುಪಾಸು. ಬಾಲವು ಇಲ್ಲವೆಂದೇ ಹೇಳಬೇಕು. ಮುಖದಲ್ಲಿ ಅರ್ಧಕ್ಕರ್ಧ ಕಣ್ಣುಗಳೇ. ಅವುಗಳ ಸುತ್ತ ಕಾಡಿಗೆಯನ್ನು ತೀಡಿದಂತೆ ಕಪ್ಪು ವಲಯ. ನಮ್ಮ ಕವಿಗಳು ಕಥಾನಾಯಿಕೆಯನ್ನು ವಿಶಾಲಾಕ್ಷಿ, ಕೃಶಾಂಗಿ, ಮಂದಗಮನೆ ಎಂದು ಹೊಗಳುವರಷ್ಟೆ. ಈ ಮೂರು ಲಕ್ಷಣಗಳೂ ಒಂದೆಡೆ ಕೂಡಿರುವ ಈ ಪ್ರಾಣಿಯನ್ನು ಯಾವ ಕವಿಯೂ ಹೊಗಳಿದ್ದನ್ನು ನಾವು ಓದಿಲ್ಲ.

ಆ ಕಣ್ಣುಗಳ ಹಿಂಬದಿಯಲ್ಲಿ ಕನ್ನಡಿಯಂತಹ ಒಂದು ಪದರವುಂಟು. ಒಳಹೊಕ್ಕ ಬೆಳಕು ಅಲ್ಲಿಂದ ಹಿಂದಿರುಗಿ, ನೋಡುವ ಪಟಲವನ್ನು ಎರಡನೆಯ ಸಲ ಹಾಯ್ದು ಬರುವುದರಿಂದ, ನಕ್ಷತ್ರಗಳ ಬೆಳಕೇ ಅದಕ್ಕೆ ದೀಪವಾಗುತ್ತದೆ. ನಮಗೆ ಕೆಂಡದಂತೆ ತೋರಿದ್ದು ಆ ಹಿಂದಿರುಗಿದ ಬೆಳಕೇ ಹೊರತು ಯಾವ ಭೂತದ ಕೋಪವೂ ಅಲ್ಲ.

ಇನ್ನು ನಡಿಗೆ. ಒಂದು ಕೈಯನ್ನು ಎತ್ತಿ ಮುಂದಿನ ಕೊಂಬೆಯನ್ನು ಹಿಡಿಯುವುದಕ್ಕೆ ಅದು ತೆಗೆದುಕೊಂಡ ಕಾಲದಲ್ಲಿ ನಾವು ಒಂದು ಶ್ಲೋಕವನ್ನು ಹೇಳಿ ಮುಗಿಸಬಹುದಾಗಿತ್ತು. ಸೋಮಾರಿತನವೆಂದು ತಿಳಿಯಬಾರದು. ಎಲೆಯೂ ಅಲುಗದಂತೆ ಸಾಗುವ ಈ ಪ್ರಾಣಿಯ ಬರವು ಅದು ತಿನ್ನುವ ಹುಳುವಿಗೂ ತಿಳಿಯದು, ಅದನ್ನು ತಿನ್ನುವ ಗೂಬೆಗೂ ತಿಳಿಯದು. ಹುಳು ಕೈಗೆ ಎಟುಕುವಷ್ಟು ಹತ್ತಿರವಾದಾಗ ಮಾತ್ರ, ಹಿಂಗಾಲುಗಳಿಂದ ರೆಂಬೆಯನ್ನು ಬಿಗಿಹಿಡಿದು, ಎರಡು ಕೈಗಳನ್ನೂ ಒಮ್ಮೆಲೇ ಚಾಚಿ ಕಚಕ್ಕನೆ ಹಿಡಿದುಬಿಡುತ್ತದೆ. ಅದರ ಬೆರಳುಗಳ ಹಿಡಿತ ಇಕ್ಕಳದ ಹಿಡಿತ. ಕೈಕಾಲುಗಳ ರಕ್ತನಾಳಗಳು ಸೂಕ್ಷ್ಮವಾದ ಜಾಲವಾಗಿ ಕವಲೊಡೆದಿರುವುದರಿಂದ ಬಹಳ ಹೊತ್ತು ಹಿಡಿದುಕೊಂಡಿದ್ದರೂ ಅದಕ್ಕೆ ಜೋಮು ಹಿಡಿಯದೆಂದು ಶರೀರಶಾಸ್ತ್ರಜ್ಞರು ವಿವರಿಸುತ್ತಾರೆ. ಕೆಳದವಡೆಯ ಮುಂದಿನ ಹಲ್ಲುಗಳು ಸೇರಿ ಒಂದು ಬಾಚಣಿಗೆಯಾಗಿವೆ; ಹಿಂಗಾಲಿನ ಒಂದು ಬೆರಳಿಗೆ ಮಾತ್ರ, ಮೈ ತುರಿಸಿಕೊಳ್ಳುವುದಕ್ಕೆಂದು, ಚೂಪಾದ ಉಗುರಿದೆ. ಮಡಿವಂತರು ಕ್ಷಮಿಸಬೇಕು, ಅದು ತನ್ನ ಅಂಗೈ ಅಂಗಾಲುಗಳನ್ನು ತನ್ನ ಮೂತ್ರದಿಂದಲೇ ತೊಳೆದುಕೊಳ್ಳುತ್ತದೆ. ಇತರ ಪ್ರಾಣಿಗಳು ಮೂಸಿ ಬಿಟ್ಟುಬಿಡುವ ಕಚ್ಚುವ ಇರುವೆ, ದುರ್ಗಂಧದ ಜೀರುಂಡೆ ಮೊದಲಾದುವುಗಳನ್ನು ತಿನ್ನುವ ಪ್ರಾಣಿಯಾದುದರಿಂದ, ಹೀಗೆ ತೊಳೆದುಕೊಳ್ಳುವುದು ಅವುಗಳ ಉರಿಯಿಂದ ರಕ್ಷಣೆಗಾಗಿ ಇದ್ದೀತೆಂದು ಕೆಲವರು ಊಹಿಸಿದ್ದಾರೆ. ತಾಯಿಯು ಇರುಳಿನಲ್ಲಿ ಮರಿಯನ್ನು ಒಂದು ಕೊಂಬೆಗೆ ಒಪ್ಪಿಸಿ ಆಹಾರವನ್ನು ಅರಸಲು ಹೋಗುತ್ತದೆ. ಮರಿಯು ಆ ಕೊಂಬೆಯನ್ನೇ ತಬ್ಬಿಕೊಂಡಿದ್ದು, ತಾಯಿ ಹಿಂದಿರುಗುವವರೆಗೆ ಕಾದಿರುತ್ತದೆ.

ನಮ್ಮ ಹಳ್ಳಿಗರು ಇದನ್ನು ಪಾಪ, ಎಂದರೆ ಮಗು, ಎಂದು ಕರೆದರು. ತಮಿಳಿನಲ್ಲಿ ತೇವಾಂಗು, ತೆಲುಗಿನಲ್ಲಿ ದೇವಾಂಗಪಿಲ್ಲಿ. ಸ್ವೀಡನ್ ದೇಶದ ಲಿನೇಯಸ್ಸನು 1758ರಲ್ಲಿ ಸಿಂಹಳದ ಕಾಡುಪಾಪಕ್ಕೆ ಲೀಮರ್ ಟಾರ್ಡಿಗ್ರೇಡಸ್ ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ ಮಂದಗಾಮಿಯೆಂದು ಅರ್ಥ. ಮೊದಲನೆಯದು ರೋಮನರು ಸತ್ತವರ ಪ್ರೇತಗಳನ್ನು ಕರೆಯುತ್ತಿದ್ದ ಹೆಸರಿನಿಂದ ಬಂದದ್ದು. ಮಹಾವಿದ್ವಾಂಸನಿಗೆ ಪ್ರೇತದ ನೆನಪಾದರೆ ನಿರಕ್ಷರಿಗೆ ಮಗುವಿನ ನೆನಪಾಯಿತು. ನಮಗೆ ಹಳ್ಳಿಗರ ಹೆಸರೇ ಮೇಲೆಂದು ತೋರುತ್ತದೆ.

ಆದರೆ ಮಗುವೆಂದು ಕರೆದ ಸೀಮೆಯಲ್ಲಿಯೇ ಅದನ್ನು ಪ್ರೇತದ ಕೆಲಸಕ್ಕೆ ಬಳಸುವವರೂ ಇದ್ದಾರೆ. ಮಾಟಮದ್ದಿಗೆ ಅದರ ಅಂಗಾಂಗಗಳು ಬೇಕೆಂದು, ಕಣ್ಣುಗಳಲ್ಲಿ ಔಷಧವಿದೆಯೆಂದು ನಂಬಿ ಅದನ್ನು ಹಿಡಿದು ಹಿಂಸಿಸುವುದುಂಟು. ಕೆಲವು ವರ್ಷಗಳ ಹಿಂದೆ ಒಂದು ಸಂತೆಯಲ್ಲಿ ಭವಿಷ್ಯ ಹೇಳುವವನೊಬ್ಬನ ಪಂಜರದಲ್ಲಿ ಇಂತಹ ಪ್ರಾಣಿಯೊಂದನ್ನು ನಾವು ನೋಡಿದ್ದೆವು. ಅದು ಕಾಡುಪಾಪವೆಂಬುದೇ ಆಗ ನಮಗೆ ತಿಳಿದಿರಲಿಲ್ಲ. ನಡುಹಗಲಿನ ಬಿಸಿಲು, ಅದು ಮುಖವನ್ನು ಮೊಣಕಾಲುಗಳ ನಡುವೆ ಹುದುಗಿಸಿಕೊಂಡು ಮುದ್ದೆಯಾಗಿ ಕುಳಿತಿತ್ತು. ಜನ ಕಾಸು ಕೊಟ್ಟು ನೋಡುತ್ತಿದ್ದರು. ನಾವೂ ಕೊಟ್ಟೆವು. ಇದನ್ನು ಹೇಳುವಾಗ ನಮಗೆ ಈಗಲೂ ನಾಚಿಕೆಯಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಪಟ್ಟಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿಯೇ ಕಾಡುಪಾಪವೂ ಇದೆ. ಅದನ್ನು ಹಿಡಿದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸಬಹುದು.

ಮಡಗಾಸ್ಕರ್ ದ್ವೀಪದಲ್ಲಿ ಇದರ ದೂರದ ನಂಟನೊಬ್ಬನಿದ್ದಾನೆ, ಆಯ್‌ಆಯ್ ಎಂದು ಹೆಸರು. ಇಲಿಯಂತೆ ಸದಾ ಬೆಳೆಯುವ ಹಲ್ಲುಗಳು, ದೊಡ್ಡ ಕಿವಿಗಳು, ತಂತಿಯಷ್ಟು ಸಣ್ಣದಾದ ನಡುಬೆರಳು. ಆ ಬೆರಳಿನಿಂದ ಮರವನ್ನು ತಟ್ಟಿ, ಟೊಳ್ಳಿನ ಸದ್ದನ್ನು ಆಲಿಸಿ, ಹಲ್ಲಿನಿಂದ ಕೊರೆದು, ಒಳಗಿನ ಹುಳುವನ್ನು ಅದೇ ಬೆರಳಿನಿಂದ ಎಳೆದು ತಿನ್ನುತ್ತದೆ. ಅದನ್ನು ಕಂಡರೆ ಸಾವು ಸಂಭವಿಸುವುದೆಂದು ಅಲ್ಲಿ ಹಲವರ ನಂಬಿಕೆ; ಆದುದರಿಂದ ಕಂಡಲ್ಲಿ ಕೊಂದುಬಿಡುತ್ತಾರೆ. ನಮ್ಮ ಗುಡ್ಡಗಳ ಚಿಪ್ಪುಹಂದಿಯ ಕಥೆ ಬೇರೆ. ಹಲ್ಲಿಲ್ಲದೆ, ಉದ್ದವಾದ ನಾಲಗೆಯಿಂದ ಗೆದ್ದಲನ್ನು ನೆಕ್ಕಿ ಬದುಕುವ ಆ ಸಾಧುಪ್ರಾಣಿಗೆ ಶತ್ರುವಾದುದು ಭಯವಲ್ಲ, ಬೆಲೆ. ಅದರ ಚಿಪ್ಪು ನಮ್ಮ ಉಗುರಿನ ದ್ರವ್ಯದಿಂದಲೇ ಆದದ್ದು. ಆದರೂ ಔಷಧವೆಂದು ಕೊಳ್ಳುವವರಿದ್ದಾರೆ. 2016ರಲ್ಲಿ ರಾಷ್ಟ್ರಗಳೆಲ್ಲ ಕೂಡಿ ಎಂಟು ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಒಪ್ಪಿಕೊಂಡುವು.

ಕಾಡುಪಾಪಕ್ಕೆ ಮಾಟಗಾರನಿಗಿಂತ ದೊಡ್ಡ ವಿಪತ್ತು ಮತ್ತೊಂದುಂಟು. ಅದರಲ್ಲಿ ನಗರವಾಸಿಗಳಾದ ನಮ್ಮ ಪಾಲೂ ಇದೆ. ಈ ಪ್ರಾಣಿಗೆ ಜಿಗಿಯಲು ಬಾರದು. ಕೋತಿಯು ಹಾರುವ ಅಂತರದ ಮುಂದೆ ಇದು ಸುಮ್ಮನೆ ನಿಂತುಬಿಡುತ್ತದೆ. ಕೊಂಬೆಗೆ ಕೊಂಬೆ ತಾಗಿರುವವರೆಗೂ ಅದರ ಪ್ರಪಂಚ. ಎರಡು ಮರಗಳ ನಡುವೆ ಒಂದು ಮಾರು ತೆರಪು ಬಿದ್ದರೂ ಆಚೆಯದು ಅದಕ್ಕೆ ಬೇರೆಯ ದ್ವೀಪ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳನ್ನು ಹಾದುಹೋಗುವ ಹೆದ್ದಾರಿಗಳು ಅಗಲವಾದುವು. ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು 2008ರಲ್ಲಿ ತೆರೆಯಿತು. ಹೊಲಗಳು ನಿವೇಶನಗಳಾದುವು, ಹಸುರು ಬೇಲಿಯಿದ್ದ ಕಡೆ ಕಲ್ಲುಕಂಬ ತಂತಿಗಳು ಬಂದುವು. ಕೊಂಬೆ ಸಿಕ್ಕದೆ ವಿದ್ಯುತ್ತಿನ ತಂತಿಯನ್ನು ಹಿಡಿದು ಸತ್ತ ಕಾಡುಪಾಪಗಳೂ ಉಂಟು. ರಸ್ತೆ ಬೇಡವೆನ್ನುವಷ್ಟು ಪ್ರಾಮಾಣಿಕತೆ ನಮಗಿಲ್ಲ. ನಾವೂ ಆ ರಸ್ತೆಯಲ್ಲಿಯೇ ದೊಡ್ಡಬಳ್ಳಾಪುರಕ್ಕೆ ಹೋದವರು.

ಆದರೂ ಜನವಿರುವಲ್ಲಿ ಅದು ಬದುಕದೆಂದು ಭಾವಿಸಲಾಗದು. ಬೆಂಗಳೂರಿನ ನಡುವೆ, ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ಮರಗಳ ಆವರಣದಲ್ಲಿ ಕಾಡುಪಾಪಗಳಿವೆ. ನಗರದಲ್ಲಿ ಅವು ಎಲ್ಲೆಲ್ಲಿ ಉಳಿದಿವೆಯೆಂದು 2014ರಿಂದ ಸ್ವಯಂಸೇವಕರು ಇರುಳಿನಲ್ಲಿ ಸುತ್ತಿ ಹುಡುಕಿದರು. ತುಮಕೂರು ಜಿಲ್ಲೆಯ ನಾಗವಲ್ಲಿಯು ಮನೆ ತೋಟಗಳ ಬಳಿಯ ಕಾಡುಪಾಪಗಳಿಗೆ ಹೆಸರಾದ ಗ್ರಾಮ. ತಮಿಳುನಾಡು ಸರ್ಕಾರವು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರು ಕಾಡನ್ನು ಕಾಡುಪಾಪಗಳಿಗೆಂದೇ ಅಭಯಾರಣ್ಯವಾಗಿ ಘೋಷಿಸಿತು. ನಮ್ಮಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪನ್ನು 2007ರಲ್ಲಿ ದೇಶದ ಮೊತ್ತಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. 54 ಎಕರೆಯ ಆ ತೋಪಿಗೆ ದೊರೆತ ಗೌರವವು ಊರೂರಿನ ಹಳೆಯ ಬೇಲಿಗೆ ದೊರೆಯಲಾರದು, ನಿಜ. ಬೇಲಿಯನ್ನು ಉಳಿಸುವುದು ಹೊಲದ ಒಡೆಯನ ಮನಸ್ಸಿಗೆ ಬಿಟ್ಟದ್ದು.

ಆ ರಾತ್ರಿಯ ಮಾತನ್ನು ಪೂರ್ತಿ ಹೇಳಲಿಲ್ಲ. ನಾವು ನೋಡುತ್ತಿದ್ದಂತೆ ಕಾಡುಪಾಪವು ಹೊಂಗೆಯ ಕೊನೆಯ ರೆಂಬೆಗೆ ಬಂದಿತು. ಮುಂದಿನ ಮರದ ಕೊಂಬೆಯನ್ನು ತಂತಿಗೆ ತಾಗುವುದೆಂದು ಕಡಿದುಹಾಕಿದ್ದರು. ಅದು ಹಿಂಗಾಲುಗಳಿಂದ ಜೋತು, ಮೈಯನ್ನೆಲ್ಲ ಚಾಚಿ, ಗಾಳಿಯಲ್ಲಿ ಕೈಯನ್ನು ಆಡಿಸಿತು. ಸ್ವಲ್ಪ ತಡೆದು ಇನ್ನೊಂದು ಕೈಯನ್ನು ಚಾಚಿತು. ಬಳಿಕ ಬಂದ ದಾರಿಯಲ್ಲಿಯೇ, ಬಂದಷ್ಟೇ ನಿಧಾನವಾಗಿ, ಹಿಂದಿರುಗಿತು. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಮನೆಯ ಬಾಗಿಲಿಗೆ ಬಂದ ಮೇಲೆ, "ಕೆಳಗಡೆ ಒಂದು ರೆಂಬೆ ಚಿಗುರಿದೆ, ಮೇಷ್ಟ್ರೇ. ಅದು ತಂತಿಗೆ ಎಟುಕೋದಿಲ್ಲ. ಅದನ್ನ ಹಾಗೇ ಬಿಡ್ತೀನಿ" ಎಂದರು.