ಮೈಸೂರು ಕುದುರೆ ಹೋದ ಕಣಿವೆ



ಯಹೂದಿ ಮತ್ತು ಅರಬ್ ರಾಜಕೀಯದ ಬಗ್ಗೆ ದಾವಣಗೆರೆಯಲ್ಲಿ ಕೂತು ಮಾತಾಡುವುದೇಕೆ ಎಂದು ಕೆಲವರು ಕೇಳಿದರು. ಮೆಕ್ಕೆಜೋಳದ ದರ ಇದೆ, ಭದ್ರಾ ನಾಲೆಯ ನೀರಿದೆ, ಮಾತಾಡಲು ಬೇರೆ ವಿಷಯ ಇಲ್ಲವೆ? ಇದೆ. ಆದರೆ ಪ್ಯಾಲೆಸ್ಟೈನಿನ ನೆಲದಲ್ಲಿ ಮೈಸೂರಿನ ರಾವುತರು ಕುದುರೆ ಓಡಿಸಿದ್ದಾರೆ. ಅವರ ಕಥೆಯನ್ನು ನಾವು ಹೇಗೆ ಹೇಳಿಕೊಳ್ಳುತ್ತಿದ್ದೇವೆ ಎಂಬುದೇ ಇವತ್ತಿನ ನನ್ನ ವಿಷಯ.

1918ರ ಸೆಪ್ಟೆಂಬರ್ 23. ಹೈಫಾ ಆಗ ಆಟೊಮನ್ ತುರ್ಕರ ಕೈಯಲ್ಲಿದ್ದ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಹುದುಲು. ಬೆಟ್ಟದ ಇಳಿಜಾರಿನಲ್ಲಿ ಆಸ್ಟ್ರಿಯನ್ನರ ಫಿರಂಗಿ, ಕೆಳಗೆ ಮೆಷಿನ್ ಗನ್ನು. ಬ್ರಿಟಿಷರ ಪರವಾಗಿ ಹೋಗಿದ್ದ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತಿತು. ಜೋಧಪುರದವರು ಈಟಿ ಹಿಡಿದು ನೇರವಾಗಿ ಊರಿಗೆ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದರು. ಆ ದಿನ ನಮ್ಮವರಲ್ಲಿ ಸತ್ತವರು 8 ಮಂದಿ, ಸತ್ತ ಕುದುರೆಗಳು 60. ಸೆರೆಸಿಕ್ಕ ಶತ್ರುಗಳು 1,350. ಇಷ್ಟು ಕಡಿಮೆ ಸಾವಿನಲ್ಲಿ ಬಂದರೊಂದು ಕೈಗೆ ಬಂದದ್ದಕ್ಕೆ ಕುದುರೆಯ ವೇಗವೂ ಕಾರಣ, ಆಟೊಮನ್ ಸೈನ್ಯ ಆ ಹೊತ್ತಿಗೆ ಒಳಗಿಂದೊಳಗೇ ಕುಸಿದಿದ್ದದ್ದೂ ಕಾರಣ. ಎರಡನೆಯದನ್ನು ನಮ್ಮ ವೀರಗಾಥೆಗಳು ಹೇಳುವುದಿಲ್ಲ.

ಈಗ ಈ ಕದನವನ್ನು ಭಾರತ ಮತ್ತು ಇಸ್ರೇಲ್ ಸ್ನೇಹದ ಮೊದಲ ಅಧ್ಯಾಯವೆಂದು ಓದುವ ರೂಢಿ ಬಂದಿದೆ. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ದೆಹಲಿಗೆ ಬಂದಾಗ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಅಲ್ಲಿನ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಸತ್ತವರ ಸ್ಮರಣೆಗೆ ನನ್ನ ತಕರಾರಿಲ್ಲ. ಆದರೆ ತಾರೀಖು ನೋಡಿ ಎನ್ನುತ್ತೇನೆ. 1918ರಲ್ಲಿ ಇಸ್ರೇಲ್ ಇರಲಿಲ್ಲ. ಸ್ವತಂತ್ರ ಭಾರತವೂ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೈನ್ಯ ಬ್ರಿಟಿಷರ ಯುದ್ಧಕ್ಕೆ ಹೋಗಿತ್ತು. ಆ ಬ್ರಿಟಿಷರು ಅಷ್ಟರಲ್ಲಾಗಲೇ ಅರಬ್ಬರಿಗೆ ಮೆಕ್‌ಮಹೋನ್ ಪತ್ರಗಳಲ್ಲಿ ಸ್ವಾತಂತ್ರ್ಯದ ಮಾತು ಕೊಟ್ಟಿದ್ದರು, 1916ರಲ್ಲಿ ಫ್ರೆಂಚರ ಜೊತೆ ಗುಟ್ಟಾಗಿ ಅದೇ ಸೀಮೆಯ ಪಾಲು ಮಾತಾಡಿಕೊಂಡಿದ್ದರು, 1917ರ ನವೆಂಬರ್ 2ರಂದು ಬಾಲ್ಫರ್ ಘೋಷಣೆಯಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯ ಭರವಸೆಯನ್ನೂ ಕೊಟ್ಟಿದ್ದರು. ಕಾರ್ಮೆಲ್ ಹತ್ತಿದ ರಾವುತನಿಗೆ ಈ ಮೂರರಲ್ಲಿ ಒಂದನ್ನಾದರೂ ಯಾರಾದರೂ ಹೇಳಿದ್ದರೇ? 1922ರ ಜನಗಣತಿಯಲ್ಲಿ ಹೈಫಾದ ಜನ ಸುಮಾರು 24,600. ಅದರಲ್ಲಿ ಯಹೂದಿಗಳು ಕಾಲು ಭಾಗ. 1948ರ ಏಪ್ರಿಲ್‌ನಲ್ಲಿ ಯಹೂದಿಗಳ ಹಗನಾ ಪಡೆ ಊರನ್ನು ವಶಪಡಿಸಿಕೊಂಡ ಮೇಲೆ ಅಲ್ಲಿನ ಅರಬ್ಬರಲ್ಲಿ ಉಳಿದದ್ದು ಕೆಲವೇ ಸಾವಿರ. ಮೈಸೂರಿನವರು ಬಿಡಿಸಿಕೊಟ್ಟ ಊರಿನ ಕಥೆ ಹೇಳುವವರು ಈ ಎರಡನೇ ಅರ್ಧವನ್ನೂ ಹೇಳಬೇಕು.

ಆ ಕುದುರೆಗಳು ಹೈಫಾಕ್ಕೆ ಬಂದದ್ದು ಅಫುಲಾದ ಕಡೆಯಿಂದ, ಮರ್ಜ್ ಇಬ್ನ್ ಆಮಿರ್ ಎಂದು ಅರಬ್ಬರು ಕರೆಯುವ ಜೆಜ್ರೀಲ್ ಕಣಿವೆಯ ಹಾದಿಯಲ್ಲಿ. ನನ್ನ ಮಟ್ಟಿಗೆ ಯುದ್ಧಕ್ಕಿಂತ ಈ ಕಣಿವೆಯೇ ಮುಖ್ಯ. ಇಲ್ಲಿನ ಎರೆಭೂಮಿಯ ದೊಡ್ಡ ಪಾಲು ಬೇರೂತಿನ ಸುರ್ಸೋಕ್ ಮನೆತನದ ಹೆಸರಿನಲ್ಲಿತ್ತು. ಒಡೆಯರು ಬೇರೂತಿನಲ್ಲಿ, ಉಳುವವರು ಕಣಿವೆಯಲ್ಲಿ. 1920ರ ದಶಕದಲ್ಲಿ ಆ ಮನೆತನ ಜಮೀನನ್ನು ಯಹೂದಿ ಭೂಖರೀದಿ ಸಂಸ್ಥೆಗಳಿಗೆ ಮಾರಿತು. ಕಾಗದ ಸರಿಯಿತ್ತು, ಹಣ ಸಂದಿತ್ತು. ತಲೆಮಾರುಗಳಿಂದ ಉತ್ತವರು ಎದ್ದು ಹೋಗಬೇಕಾಯಿತು. ಕೊಂಡವರಲ್ಲೂ ಯೂರೋಪಿನಲ್ಲಿ ಹೊಡೆತ ತಿಂದು, ತನ್ನದೆಂಬ ಒಂದು ತುಂಡು ನೆಲಕ್ಕಾಗಿ ಬಂದವರಿದ್ದರು.

ಇಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ಕಾನೂನಿನ ಬಲ ಪಡೆಯಿತು. ಗೇಣಿ ಬಲ್ಲ ಕನ್ನಡಿಗನಿಗೆ ಪ್ಯಾಲೆಸ್ಟೈನಿನ ಜಗಳದ ಮೊದಲ ಎಳೆ ಪುರಾಣಕ್ಕಿಂತ ಪಹಣಿಯಲ್ಲಿ ಬೇಗ ಸಿಗುತ್ತದೆ. ಪಕ್ಕದಲ್ಲೇ ಹರಿಹರ ಇರುವುದರಿಂದ ಹರಿ, ಹರ ಒಂದೇ ಮೂರ್ತಿಯಾದ ಸಮನ್ವಯದ ಮಾತನ್ನು ಆಶಯ ಭಾಷಣದಲ್ಲಿ ಆಡಬೇಕೆಂದು ಗೆಳೆಯರೊಬ್ಬರು ಸೂಚಿಸಿದ್ದರು. ನಾನು ಆಡುವುದಿಲ್ಲ. ಪ್ಯಾಲೆಸ್ಟೈನಿನದು ಮತಗಳ ಜಗಳವೆಂದು ಮೊದಲೇ ತೀರ್ಮಾನಿಸಿದವರಿಗೆ ಮಾತ್ರ ಆ ಉಪಮೆ ಕೆಲಸಕ್ಕೆ ಬರುತ್ತದೆ.

ನಮಗೆ ಹರಿಹರದ ಹೊಳೆ ಬೇರೆ ಕಾರಣಕ್ಕೆ ಬೇಕು. 1956ರ ಅಕ್ಟೋಬರ್ 31ರವರೆಗೆ ತುಂಗಭದ್ರೆಯ ಈ ದಡ ಮೈಸೂರು ರಾಜ್ಯ, ಆ ದಡದ ರಾಣೆಬೆನ್ನೂರು ಮುಂಬಯಿ ರಾಜ್ಯ. ನವೆಂಬರ್ 1ಕ್ಕೆ ಆ ಗಡಿ ಅಳಿಯಿತು. ಅದೇ ದಿನ ಸುಯೆಜ್ ಯುದ್ಧದ ಮೇಲೆ ವಿಶ್ವಸಂಸ್ಥೆಯ ಮಹಾಸಭೆಯ ತುರ್ತು ಅಧಿವೇಶನ ಶುರುವಾಯಿತು. ಇಸ್ರೇಲ್ ಮೂರು ದಿನದ ಹಿಂದೆ ಸಿನಾಯ್‌ಗೆ ನುಗ್ಗಿತ್ತು. ನಂತರ ಗಾಜಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಭಾರತದ ಸೈನಿಕರು 1967ರವರೆಗೂ ಇದ್ದರು, ಆ ಜೂನ್‌ನ ಯುದ್ಧದಲ್ಲಿ ಅವರಲ್ಲೂ ಕೆಲವರು ಸತ್ತರು. ನಮ್ಮ ಏಕೀಕರಣವೂ ಎಲ್ಲರಿಗೂ ಸಿಹಿಯಾಗಲಿಲ್ಲ. ಕಾಸರಗೋಡು ಆಚೆ ಉಳಿಯಿತು, ಗಡಿಯ ಬಗೆಗಿನ ಮಹಾಜನ ವರದಿ ಕಪಾಟು ಸೇರಿತು. ಆದರೂ ಕಾಸರಗೋಡಿನ ಕನ್ನಡಿಗ ಗೆರೆಯ ಯಾವ ಬದಿಗಿದ್ದರೂ ಒಂದೇ ದೇಶದ ಪ್ರಜೆ. ಹೈಫಾದಿಂದ ಹೊರಟ ಅರಬ್ಬನಿಗೆ ಹಾಗಿರಲಿಲ್ಲ. ಗಡಿ ವಿವಾದಗಳನ್ನು ಹೋಲಿಸುವ ಪ್ರಬಂಧಗಳು ಈ ವ್ಯತ್ಯಾಸವನ್ನು ದಾಟಿ ಹೋಗಬಾರದು.

ರಾಜತಾಂತ್ರಿಕತೆಯ ಬಗ್ಗೆ ಒಂದೇ ಮಾತು, ಉಳಿದದ್ದನ್ನು ಗೋಷ್ಠಿಗಳು ನೋಡಿಕೊಳ್ಳುತ್ತವೆ. 1947ರಲ್ಲಿ ಭಾರತ ಪ್ಯಾಲೆಸ್ಟೈನಿನ ವಿಭಜನೆಗೆ ‘ಇಲ್ಲ’ ಎಂದು ಮತ ಹಾಕಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚೆ ವಿಶ್ವಸಂಸ್ಥೆಯ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯಗಳು ಒಂದೇ ಒಕ್ಕೂಟ ರಾಜ್ಯದ ಯೋಜನೆ ಮುಂದಿಟ್ಟಿದ್ದನ್ನು ಓದಿದವರು ಕಡಿಮೆ. ತನ್ನ ದೇಶವೇ ಇಬ್ಭಾಗವಾಗುತ್ತಿದ್ದ ತಿಂಗಳುಗಳಲ್ಲಿ ಭಾರತ ಬೇರೆಯವರಿಗೆ ಒಕ್ಕೂಟ ಸೂಚಿಸಿತು. ಇದು ನೈತಿಕತೆಯೊ, ಸುಟ್ಟ ಕೈಯ ಬುದ್ಧಿಯೊ, ಅರಬ್ ರಾಷ್ಟ್ರಗಳ ಬಗೆಗಿನ ಲೆಕ್ಕಾಚಾರವೊ? ನನಗೆ ಮೂರೂ ಕಾಣುತ್ತವೆ. ಇಸ್ರೇಲಿಗೆ 1950ರಲ್ಲಿ ಕೊಟ್ಟ ಮಾನ್ಯತೆಗೂ 1992ರ ಪೂರ್ಣ ಸಂಬಂಧಕ್ಕೂ ನಡುವಿನ ನಾಲ್ಕು ದಶಕಗಳನ್ನು ಬರೀ ಹಿಂಜರಿಕೆ ಎಂದು ಓದುವವರು ಆ ಸಮಿತಿಯ ಕಡತದಿಂದ ಶುರುಮಾಡಲಿ.

ಕಡೆಗೆ ವಿದ್ಯಾರ್ಥಿಗಳಿಗೆ ಎರಡು ಕೆಲಸ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಯುದ್ಧಕಾಲದ ಕಡತಗಳನ್ನು ಹುಡುಕಿ: ರಾವುತರು ಯಾವ ಊರಿನವರು, ಸತ್ತವರ ಮನೆಗೆ ಏನು ಸಂದಿತು. ಇನ್ನೊಂದು, ಇವತ್ತು ಕರಾವಳಿಯ ಸಾಕಷ್ಟು ಮಂದಿ ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಅವರ ನೆಂಟರೇ ಕುವೈತ್‌ನಲ್ಲೊ ದುಬೈನಲ್ಲೊ ಇರಬಹುದು. 2023ರ ಅಕ್ಟೋಬರ್ 7ರ ನಂತರ ಈ ಕುಟುಂಬಗಳು ಫೋನಿನಲ್ಲಿ ಏನು ಮಾತಾಡಿಕೊಂಡವು ಎಂಬುದನ್ನು ಬರೆದಿಡುವ ಕೆಲಸ ಆಗಬೇಕು, ಅವರು ಮರೆಯುವ ಮುಂಚೆ. ಮೊದಲ ಗೋಷ್ಠಿಯ ಸಮಯವನ್ನು ನಾನಾಗಲೇ ಸ್ವಲ್ಪ ತಿಂದಿದ್ದೇನೆ. ಪ್ರಬಂಧಕಾರರು ಬರಲಿ.