ಗಣಕದೊಳಗಿನ ಗಡಿಯಾರ ಮತ್ತು ಓದುವ ಕ್ರಮ



ಭಾಷೆ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರಿನ ಗಡಿಯಾರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ವಿಷಯದ ಒಳಹೊಕ್ಕರೆ ಇದು ಪದಗಳ ಕ್ರಮದ ಪ್ರಶ್ನೆಯೇ ಆಗಿದೆ.

ನೀವು ಫಲಿತಾಂಶ ನೋಡುವ, ಹಣ ಕಳುಹಿಸುವ ಸರ್ವರ್‌ಗಳಲ್ಲಿ ಅನೇಕವು ಪ್ರತ್ಯೇಕ ಯಂತ್ರಗಳಲ್ಲ. ಒಂದೇ ದೊಡ್ಡ ಯಂತ್ರದಲ್ಲಿ ಹಲವು 'ವರ್ಚುವಲ್ ಮೆಷಿನ್'ಗಳು ಬಾಡಿಗೆದಾರರಂತೆ ವಾಸಿಸುತ್ತವೆ. ಮನೆಯೊಡೆಯನಂತಿರುವ ತಂತ್ರಾಂಶವು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುತ್ತಿರುತ್ತದೆ. ನಿಂತವನಿಗೆ ತಾನು ನಿಂತದ್ದೇ ತಿಳಿಯದು. ಹೀಗಾಗಿ ಟಿಕ್ ಎಣಿಸಿ ಸಮಯ ತಿಳಿಯುವ ಹಳೆಯ ಪದ್ಧತಿಯಲ್ಲಿ ಬಾಡಿಗೆದಾರನ ಗಡಿಯಾರ ಹಿಂದೆ ಬೀಳುತ್ತಿತ್ತು.

ಲಿನಕ್ಸ್ ಕರ್ನೆಲ್‌ಗೆ 2007ರಲ್ಲಿ ಸೇರಿದ ಕೆವಿಎಂ ವ್ಯವಸ್ಥೆಯಲ್ಲಿ ಮುಂದೆ ಇದಕ್ಕೊಂದು ಉಪಾಯ ಮಾಡಿದರು. 1993ರ ಪೆಂಟಿಯಂನಿಂದ ಪ್ರೊಸೆಸರ್‌ನಲ್ಲಿ ಟಿ.ಎಸ್.ಸಿ. ಎಂಬ ಎಣಿಕೆಯಂತ್ರವಿದೆ. 2.5 ಗಿಗಾಹರ್ಟ್ಸ್ ವೇಗವಾದರೆ ಸೆಕೆಂಡಿಗೆ 250 ಕೋಟಿ ಎಣಿಕೆ. ಒಡೆಯನು ಹಂಚಿಕೊಂಡ ಒಂದು ಪುಟದಲ್ಲಿ 'ಎಣಿಕೆ ಇಷ್ಟಿದ್ದಾಗ ಸಮಯ ಇಷ್ಟಿತ್ತು' ಎಂದು ಬರೆದಿಡುತ್ತಾನೆ. ಬಾಡಿಗೆದಾರನು ಈಗಿನ ಎಣಿಕೆಯಿಂದ ಅದನ್ನು ಕಳೆದು, ವ್ಯತ್ಯಾಸವನ್ನು ಸಮಯಕ್ಕೆ ಕೂಡಿಸುತ್ತಾನೆ.

ಓದುತ್ತಿರುವಾಗಲೇ ಒಡೆಯ ಪುಟ ತಿದ್ದಿದರೆ? ಅದಕ್ಕೆ ಪುಟದಲ್ಲೊಂದು ಆವೃತ್ತಿ ಸಂಖ್ಯೆಯಿದೆ. ತಿದ್ದುವಾಗ ಅದು ಬೆಸ, ಮುಗಿದ ಮೇಲೆ ಸಮ. ಓದುಗನು ಮೊದಲೊಮ್ಮೆ, ಕೊನೆಗೊಮ್ಮೆ ಸಂಖ್ಯೆ ನೋಡುತ್ತಾನೆ. ಬೆಸವಿದ್ದರೆ ಅಥವಾ ಬದಲಾಗಿದ್ದರೆ ಮತ್ತೆ ಓದುತ್ತಾನೆ. ಬೀಗವಿಲ್ಲ, ಕಾಯುವ ಸಾಲೂ ಇಲ್ಲ. ನನಗೆ ಬಹಳ ಹಿಡಿಸಿದ ವ್ಯವಸ್ಥೆಯಿದು.

ಇಲ್ಲಿಗೆ ನನ್ನ ವ್ಯಾಕರಣ ಬರುತ್ತದೆ. 'ತಂದೆ ಮಗನಿಗೆ ಪುಸ್ತಕವನ್ನು ಕೊಟ್ಟರು', 'ಪುಸ್ತಕವನ್ನು ಮಗನಿಗೆ ತಂದೆ ಕೊಟ್ಟರು' - ಅರ್ಥ ಒಂದೇ, ವಿಭಕ್ತಿ ಪ್ರತ್ಯಯಗಳು ಕಟ್ಟಿಹಾಕಿವೆ. ಪ್ರೊಸೆಸರ್ ಕೂಡ ಅರ್ಥ ಕೆಡದಂತೆ ಆದೇಶಗಳನ್ನು ಹಿಂದುಮುಂದು ಮಾಡುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಸಾಮಾನ್ಯ ಮೆಮೊರಿ ಓದುಗಳು ತಮ್ಮತಮ್ಮಲ್ಲಿ ಕ್ರಮ ತಪ್ಪಿದಂತೆ ಕಾಣುವುದಿಲ್ಲ. ಆದರೆ ಟಿ.ಎಸ್.ಸಿ. ಓದುವುದು ಮೆಮೊರಿ ಓದಲ್ಲ. ಅದು ಪ್ರತ್ಯಯವಿಲ್ಲದ ಪದದಂತೆ, ಎಲ್ಲಿಗೆ ಬೇಕಾದರೂ ಜಾರೀತು.

ಅದು ಆವೃತ್ತಿ ಸಂಖ್ಯೆಗಿಂತ ಮೊದಲೇ ಜಾರಿತೆನ್ನಿ. ಎಣಿಕೆ ಕೈಗೆ ಬಂತು. ಅಷ್ಟರಲ್ಲಿ ಒಡೆಯ ಪುಟದಲ್ಲಿ ಅದಕ್ಕಿಂತ ದೊಡ್ಡ ಎಣಿಕೆ ಬರೆದ. ಆಮೇಲೆ ನೋಡಿದರೆ ಸಂಖ್ಯೆ ಎರಡು ಸಲವೂ ಸಮ, ಎರಡು ಸಲವೂ ಒಂದೇ. ಕಾವಲುಗಾರನಿಗೆ ಏನೂ ಸಂಶಯವಿಲ್ಲ! ಕಳೆದಾಗ ಬರುವ ಉತ್ತರ ಮಾತ್ರ ಋಣ. ಈ ಲೆಕ್ಕ 64 ಬಿಟ್‌ಗಳದ್ದು, ಋಣಚಿಹ್ನೆಯೇ ಇಲ್ಲ. ಆದ್ದರಿಂದ ಋಣಸಂಖ್ಯೆ ದೈತ್ಯ ಧನಸಂಖ್ಯೆಯಾಗುತ್ತದೆ. ಮೇಲೆ ಹೇಳಿದ ವೇಗದಲ್ಲಿ ಗಡಿಯಾರ 230 ವರ್ಷಕ್ಕೂ ಹೆಚ್ಚು ಮುಂದೆ ಹಾರುತ್ತದೆ. ಆ ಸರ್ವರ್‌ನಲ್ಲಿ ಯಾರದೋ ಅರ್ಜಿಯ ಗಡುವು, ಯಾರದೋ ಹಣ ವರ್ಗಾವಣೆ ಇದ್ದರೆ ಯೋಚಿಸಿ.

ಪರಿಹಾರ ಒಂದೇ ಆದೇಶ: ಎಣಿಕೆ ಓದುವ ಮುನ್ನ 'ಎಲ್‌ಫೆನ್ಸ್' ಎಂಬ ಬೇಲಿ. ಹಿಂದಿನ ಓದುಗಳು ಮುಗಿಯದೆ ಮುಂದಿನದು ಬೇಲಿ ದಾಟುವಂತಿಲ್ಲ. ಇದಕ್ಕೂ ಬೆಲೆಯಿದೆ. ಸಮಯ ಕೇಳಿದಾಗಲೆಲ್ಲ ಪ್ರೊಸೆಸರ್ ಸ್ವಲ್ಪ ಕಾಯಬೇಕು.

ಇನ್ನೊಂದು ತೊಡಕು, ಹಲವು ಪ್ರೊಸೆಸರ್‌ಗಳ ಎಣಿಕೆಗಳು ಪರಸ್ಪರ ಹೊಂದದಿದ್ದರೆ ಸಮಯ ಹಿಂದಕ್ಕೆ ಹೋದಂತೆ ಕಾಣುತ್ತದೆ. 2010ರಲ್ಲಿ ಇದಕ್ಕಾಗಿ, ಕೊನೆಯದಾಗಿ ಹೇಳಿದ ಸಮಯವನ್ನು ಒಂದೆಡೆ ನೆನಪಿಟ್ಟು, ಅದಕ್ಕಿಂತ ಕಡಿಮೆ ಹೇಳದಂತೆ ಮಾಡಿದರು. ಆಗ ಎಲ್ಲ ಪ್ರೊಸೆಸರ್‌ಗಳೂ ಆ ಒಂದೇ ಜಾಗವನ್ನು ಮುಟ್ಟಬೇಕಾಗಿ ನಿಧಾನವಾಯಿತು. ಎಣಿಕೆಗಳು ಹೊಂದಿರುವ ಯಂತ್ರಗಳಲ್ಲಿ ಒಡೆಯನು ಪುಟದಲ್ಲೇ ಹಾಗೆಂದು ಗುರುತು ಹಾಕುತ್ತಾನೆ, ಆಗ ಈ ಹೆಜ್ಜೆ ಬೇಕಿಲ್ಲ. ಈ ಕೋಡ್ ಇಂದಿಗೂ ಕರ್ನೆಲ್‌ನಲ್ಲಿದೆ, ಯಾರು ಬೇಕಾದರೂ ಬಿಡಿಸಿ ಓದಬಹುದು.