ಒಂದೇ ಅಳತೆಗೋಲು ಇಬ್ಬರಿಗೂ ಹೊಂದುತ್ತದೆಯೇ?

(ಸೆರೆಮನೆ ಭೇಟಿಯ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಜೈಲಿನಿಂದ ಹೊರಬಂದವರು ಮತ್ತೆ ತಪ್ಪು ಮಾಡ್ತಾರಾ? ಬಿಡುಗಡೆಗೆ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಇದು. ಕೆನಡಾ, ಅಮೆರಿಕಾಗಳಲ್ಲಿ ಇದಕ್ಕೆ ಅಂಕ ಹಾಕುವ ಪದ್ಧತಿಯೇ ಇದೆ. ಕೆನಡಾದ ಆಂಡ್ರ್ಯೂಸ್ ಮತ್ತು ಬೋಂಟಾ ರೂಪಿಸಿದ ಎಲ್‌ಎಸ್‌ಐ-ಆರ್ ಎಂಬ ಪಟ್ಟಿಯಲ್ಲಿ 54 ಅಂಶಗಳಿವೆ. ಹಿಂದಿನ ಅಪರಾಧ, ಕೆಲಸ, ಕುಡಿತ, ಸಹವಾಸ ಇತ್ಯಾದಿ. ಅಂಕ ಹೆಚ್ಚಾದರೆ ಅಪಾಯ ಹೆಚ್ಚು ಅಂತ ಲೆಕ್ಕ.

ಇಂಥ ಪಟ್ಟಿಗಳು ಹುಟ್ಟಿದ್ದು ಹೆಚ್ಚಾಗಿ ಗಂಡಸರ ಅಧ್ಯಯನದಿಂದ. ಹೆಂಗಸರ ವಿಷಯದಲ್ಲೂ ಇವು ಕೆಲಸ ಮಾಡುತ್ತವೆ ಎಂದು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದರು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಮತ್ತೆ ಅಪರಾಧಕ್ಕೆ ಇಳಿಯುವುದು ಹೆಂಗಸರಲ್ಲಿ ಸಾಮಾನ್ಯವಾಗಿ ಕಡಿಮೆ. ಇಬ್ಬರಿಗೂ ಒಂದೇ ಗೆರೆ ಎಳೆದರೆ ಹೆಣ್ಣಿನ ಅಪಾಯ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಅವಳು ಸುಮ್ಮಸುಮ್ಮನೆ ಒಳಗೇ ಉಳೀತಾಳೆ.

ಗಂಡಸರ ದೂರೂ ಉಂಟು. 2016ರಲ್ಲಿ ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದ ಲೂಮಿಸ್ ಪ್ರಕರಣದಲ್ಲಿ, ಕಾಂಪಾಸ್ ಎಂಬ ಲೆಕ್ಕದೊಳಗೆ ತಾನು ಗಂಡಸು ಎಂಬುದನ್ನೂ ಸೇರಿಸಿದ್ದು ಅನ್ಯಾಯ ಎಂದು ಅಪರಾಧಿ ವಾದಿಸಿದ. ಲೆಕ್ಕ ಸರಿಯಾಗಬೇಕಾದರೆ ಅದು ಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಂಕವೊಂದನ್ನೇ ನಂಬಿ ಶಿಕ್ಷೆ ತೀರ್ಮಾನಿಸಬಾರದು ಎಂದೂ ಹೇಳಿತು.

ಸಿನ್ಸಿನಾಟಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ವ್ಯಾನ್ ವೂರ್ಹಿಸ್ ಮತ್ತು ತಂಡದವರು ಹೆಂಗಸರಿಗೆಂದೇ ಬೇರೆ ಪ್ರಶ್ನೆಗಳನ್ನು ಸೇರಿಸಿದರು. ಹೊಡೆತ-ಬಡಿತ ಅನುಭವಿಸಿದ್ದಾಳಾ, ಮನಸ್ಸು ಕುಗ್ಗಿದೆಯಾ, ಮಕ್ಕಳ ಹೊರೆ ಎಷ್ಟು, ಭಯವಿಲ್ಲದೆ ಇರಲು ಮನೆ ಇದೆಯಾ? ಅಂದಾಜು ಸುಧಾರಿಸಿತು. ನನಗೆ ತಳಮಳ ಆಗೋದು ಇಲ್ಲೇ ನೋಡಿ. ಗಂಡನ ಕೈಲಿ ಏಟು ತಿಂದವಳಿಗೆ ಅದೇ ಕಾರಣಕ್ಕೆ ಅಂಕ ಏರಿದರೆ? ಕೆನಡಾದ ಸಂಶೋಧಕಿ ಕೆಲ್ಲಿ ಹನ್ನಾ-ಮೊಫಾಟ್ ಅವರ ಆಕ್ಷೇಪವೂ ಇದೇ: ಅಗತ್ಯವೇ ಅಪಾಯವೆಂದು ದಾಖಲಾಗಿಬಿಡುತ್ತದೆ. ಪ್ರಶ್ನೆ ಕೇಳಲೇಬೇಕು, ಆದರೆ ಉತ್ತರ ಸಹಾಯದ ಖಾತೆಗೆ ಹೋಗಬೇಕು.

ನಮ್ಮಲ್ಲಿ 1958ರ ಪ್ರೊಬೇಷನ್ ಕಾಯ್ದೆಯ ಪ್ರಕಾರ ಪ್ರೊಬೇಷನ್ ಅಧಿಕಾರಿ ಮನೆ, ನಡತೆ ವಿಚಾರಿಸಿ ಕೋರ್ಟಿಗೆ ವರದಿ ಕೊಡ್ತಾರೆ. ಗಂಡಸು ಜೈಲಿಗೆ ಹೋದರೆ ಹೆಂಡತಿ ಮಗುವನ್ನು ಎತ್ತಿಕೊಂಡು ನೋಡೋಕೆ ಬರ್ತಾಳೆ. ಹೆಂಗಸು ಹೋದರೆ ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತೆ. ಕೈಬಿಟ್ಟವರು ಮನೆಯವರು, ‘ಕುಟುಂಬದ ಆಸರೆ ಇಲ್ಲ’ ಎಂಬ ಸಾಲು ಬೀಳೋದು ಅವಳ ಹೆಸರಿನ ಮುಂದೆ.

ಮುಂದಿನ ಸಲ ಮಹಿಳಾ ವಿಭಾಗಕ್ಕೆ ಹೋಗುವ ಅಕ್ಕಂದಿರು, ಯಾರನ್ನು ನೋಡೋಕೆ ಯಾರೂ ಬಂದಿಲ್ಲ, ಹೊರಗೆ ತಂಗಲು ಜಾಗ ಯಾರಿಗಿಲ್ಲ ಅಂತ ಕೇಳಿ, ಅವರ ಒಪ್ಪಿಗೆ ಪಡೆದು ಬರೆದುಕೊಂಡು ಬನ್ನಿ. ವರದಿ ಬರೆಯುವ ಮೊದಲೇ ಅಧಿಕಾರಿಗಳ ಜೊತೆ ಕೂತು ಮಾತಾಡೋಣ.